ಚಾರ್ಟಿನ ಬಾದಾಮಿ

ಅವೆನ್ಯೂ ರಸ್ತೆಯಲ್ಲಿ ಮೂವತ್ತು ರೂಪಾಯಿಗೆ ತಂದ
ಋತುಗಳ ಚಾರ್ಟಿನಲ್ಲಿ ಚಳಿಗಾಲವೆಂದರೆ ಹಿಮದ ಗೊಂಬೆ,
ಮೂಗಿಗೊಂದು ಕ್ಯಾರೆಟ್ಟು.
ಕುಕ್ ಟೌನಿನ ನಮ್ಮ ಶಿಶುವಿಹಾರಕ್ಕೆ ಚಳಿಗಾಲವೆಂದರೆ
ಮಂಕಿ ಟೋಪಿ, ಸುರಿವ ಮೂಗು,
ಡಬ್ಬಿಯಲ್ಲಿ ಹಿತಕಿದ ಅವರೆ.
ಹದಿನೇಳು ವರ್ಷ ಎರಡನ್ನೂ ಕಲಿಸಿದೆ, ಒಂದೇ ಬಾಯಲ್ಲಿ.
ಯಾರೂ ಕೇಳಲಿಲ್ಲ.

ಜೂನಿನಲ್ಲಿ ತಮಾರ್ ಪೇಣ್ಕರ್ ಬಂದಳು.
"ತಮಾರ್ ಅಂದರೆ ಖರ್ಜೂರ" ಎಂದರು ಅವಳ ಆಜಿ, ಶೆಗುಲಾಬಾಯಿ.
"ಅಲಿಬಾಗಿನ ಕಡೆಯವರು ನಾವು, ಯಹೂದಿಗಳು.
ಶನಿವಾರ ಗಾಣ ತಿರುಗಿಸದ ಗಾಣಿಗರು."
ಮಡಿಸಿದ ಎರಡು ಹಾಳೆ ಕೊಟ್ಟರು, ಮರಾಠಿ ಕೈಬರಹ,
ಹಬ್ಬದ ಹೆಸರು, ಎದುರಿಗೆ ಚಂದ್ರನ ದಿನ.
"ಮಕ್ಕಳಿಗೆಲ್ಲ ಹೇಳಿ ಮಿಸ್,
ಇವಳಿಗೊಬ್ಬಳಿಗೇ ಹೇಳಬೇಡಿ."

ಸೆಪ್ಟೆಂಬರಿನಲ್ಲಿ ಹೊಸ ವರ್ಷ ಎಂದೆ.
"ಯುಗಾದಿ ಆಗೋಯ್ತಲ್ಲ!" ಇಂಚರಾ.
ಇದು ಬೇರೆ. ಸೇಬು, ಜೇನು.
"ಬೇವು?"
ಬೇವಿಲ್ಲ.
ಇಡೀ ತರಗತಿ ಆ ಹಬ್ಬಕ್ಕೆ ಕೈ ಎತ್ತಿತು.
ಟಗರಿನ ಕೊಂಬು ಊದುತ್ತಾರೆ ಎಂದಾಗ
ಜೊಹೇಬ ನಕಾಶೆ ಸುತ್ತಿ ಊದಿದ,
ಎದುರಿನ ಬೇಕರಿ ನಾಯಿ ಉತ್ತರ ಕೊಟ್ಟಿತು.

ಮುಂದಿನ ಹುಣ್ಣಿಮೆಗೆ ಚಪ್ಪರ.
ಸೂರಿನ ಸಂದಿಯಲ್ಲಿ ನಕ್ಷತ್ರ ಕಾಣಬೇಕಂತೆ.
ಗರಿ ಹೊದಿಸುತ್ತ ಅಂತೋಣಿಯಮ್ಮ, "ಸೋರತ್ತೆ ಮಿಸ್."
ಸೋರಲಿ ಅಂತಲೇ, ಎಂದೆ.
"ಬೇಕೂಂತ ಸೋರೋ ಮನೆ ಯಾರಾದ್ರೂ ಕಟ್ತಾರಾ?"
ಲಿಂಗರಾಜಪುರದ ಅವರ ಸೂರು ತಗಡಿನದು.
ನಾನು ದಾರ ಬಿಗಿಯುವುದರಲ್ಲಿ ಮಗ್ನಳಾದೆ.

ಹಿಂಗಾರು ಮೂರು ಗಂಟೆಗೇ ಬಂತು.
ಹದಿನಾಲ್ಕು ಮಕ್ಕಳು ಒಳಗೋಡಲಿಲ್ಲ,
ಗರಿಯ ತುದಿಗೆ ನಾಲಗೆ ಚಾಚಿ ನಿಂತರು.
"ನೀರು ಹಸಿರು ರುಚಿ ಮಿಸ್!"
ಅಂತೋಣಿಯಮ್ಮ ಟವೆಲು ತರಲು ಹೋಗಿ
ತಾವೂ ಒಂದು ಹನಿ ನುಂಗಿದ್ದನ್ನು ನಾನು ಕಂಡೆ.

ದೀಪದ ಹಬ್ಬ ಕಲಿಸಬೇಕಾಗಲಿಲ್ಲ.
ಎಂಟು ಹಣತೆ, ಅವನ್ನು ಹಚ್ಚಲೊಂದು.
ಆ ಒಂಬತ್ತನೆಯದು ನಾನಾಗುವೆ ಎಂದು ಎರಡು ದಿನ ಜಗಳ,
ಒಂದು ಕಚ್ಚಿದ ಗಾಯ.

ಜನವರಿಯ ಹಾಳೆಯಲ್ಲಿ ಮರಗಳ ಹೊಸ ವರ್ಷ.
"ಆ ದೇಶದಲ್ಲಿ ಆಗ ಬಾದಾಮಿ ಹೂ ಬಿಡುತ್ತದೆ."
ಹತ್ತಿ ಅಂಟಿಸಿ, ಗುಲಾಬಿ ಬಣ್ಣ ಬಳಿದು
ನಾನೇ ಬರೆದಿದ್ದೆ ಚಾರ್ಟು.
ನಮ್ಮ ಅಂಗಳದಲ್ಲೂ ಇದೆಯಲ್ಲ ಒಂದು, ಕಾಡುಬಾದಾಮಿ,
ಚಳಿ ಹಿಡಿದಂತೆ ತಾಮ್ರ, ಕೆಂಪು, ಕಡುಗೆಂಪು,
ಅಗಲೆಲೆ ಟಪ್ಪನೆ ಉದುರಿಸುತ್ತ
ದಿನಕ್ಕೆರಡು ಸಲ ಪೊರಕೆ ಬೇಡುವ ಮರ.
ಮಕ್ಕಳು ಚಾರ್ಟು ನೋಡಿದರು. ಮರ ನೋಡಿದರು.
ಇದು ಆ ಬಾದಾಮಿಯಲ್ಲ ಕಣ್ರೋ, ಎನ್ನಲು ಬಾಯಿ ತೆರೆದೆ.
"ಹುಟ್ಟುಹಬ್ಬ ಅಲ್ವಾ," ಎಂದಳು ತಮಾರ್,
"ಹಳೇ ಅಂಗಿ ಬಿಚ್ತಿದೆ."

ಆಜಿ ಡಬರಿಯಲ್ಲಿ ಮಲಿದಾ ತಂದರು,
ಎಲೀಯಾ ಪ್ರವಾದಿಯ ಹೆಸರಲ್ಲಿ,
ನೆನೆದ ಅವಲಕ್ಕಿ, ಸಕ್ಕರೆ, ಕಾಯಿತುರಿ, ಸೀಳಿದ ಖರ್ಜೂರ.
ತಟ್ಟೆ ಸಾಲಲಿಲ್ಲ.
ಬಿದ್ದ ಕೆಂಪೆಲೆ ತೊಳೆದು ಅದರಲ್ಲೇ ಬಡಿಸಿದೆವು.
"ಇದು ನಮ್ಮನೆ ಅವಲಕ್ಕಿ" ಅಂದ ಒಬ್ಬ.
"ನಮ್ಮನೇದೂ" ಅಂದ ಇನ್ನೊಬ್ಬ.
ಒಬ್ಬಳು ಖರ್ಜೂರ ಬೇಡವೆಂದು ಬದಿಗಿಟ್ಟಾಗ
ತಮಾರ್ ಬಹಳ ಹೊತ್ತು ಅದನ್ನೇ ನೋಡಿದಳು,
ಆಮೇಲೆ ತಾನೇ ತಿಂದಳು.

ಆ ಶುಕ್ರವಾರ ಆಜಿಯ ಆಟೋ ಪಾಟರಿ ರಸ್ತೆಯಲ್ಲಿ ಸಿಕ್ಕಿಕೊಂಡಿತ್ತು.
ರೈಲು ಹಳಿಯಾಚೆ ಸೂರ್ಯ ಇಳಿದು,
ಬೀದಿದೀಪ ಒಂದು ಸಲ ಮಿಣುಕಿ ಹತ್ತಿತು.
ಗೇಟಿನ ಮೇಲೆ ಕೂತವಳಿಗೆ ಹೇಳಿದೆ, ಬರ್ತಾರೆ ಕಂದಾ,
ನಾಳೆ ಮನೆಯಲ್ಲಿ ಹಬ್ಬದ ಹಾಗೇ ಅಲ್ಲವಾ?
"ಇದೇ ನಾಳೆ ಮಿಸ್," ಎಂದಳು, ಬೇಸರದಿಂದ,
ಇಷ್ಟೂ ಗೊತ್ತಿಲ್ಲದವಳಿಗೆ ಹೇಳುವ ಹಾಗೆ.
"ಸೂರ್ಯ ಹೋಯ್ತಲ್ಲ."

ಅವರು ಹೋದ ಮೇಲೆ
ಹಿಮದ ಗೊಂಬೆಯ ಮೇಲೊಂದು ಕೆಂಪೆಲೆ ಅಂಟಿಸಿದೆ.
ಸೋಮವಾರ ನೋಡಿದರೆ ಎಲೆ ಉದುರಿತ್ತು.
ಗೋಂದು ಹಳೆಯದು.
ಕ್ಯಾರೆಟ್ಟಿನ ಮೇಲೆ ಒಂದು ಕಂದು ಕಲೆ,
ಅಷ್ಟೇ.